ಎರಡು ವರ್ಷ ರೈಲಿನಲ್ಲಿ ಕೇಳಿದ ಇತಿಹಾಸ ಪಾಠ: 29ನೇ ಪಾಠದ ಬಗ್ಗೆ ನನ್ನ ತಕರಾರು

ಮನೆ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ, ಕೆಲಸ ಪಕ್ಕದ ಮ್ಯಾಸಚೂಸೆಟ್ಸ್‌ನ ಬಾಸ್ಟನ್‌ನಲ್ಲಿ. ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ ದಾರಿ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಇರುತ್ತದೆ. ಕಂಡಕ್ಟರ್ ಟಿಕೆಟ್ ನೋಡಿ ಮುಂದೆ ಹೋಗುವವರೆಗೂ ಅದರ ಮುಚ್ಚಳ ತೆಗೆಯುವುದಿಲ್ಲ. ಆಮೇಲೆ ಮೊದಲ ಗುಟುಕು, ಕಿವಿಗೆ ಇಯರ್‌ಫೋನ್, ಅಮೆರಿಕದ ಇತಿಹಾಸದ ಈ ಆಡಿಯೋ ಕೋರ್ಸು. ಎರಡು ವರ್ಷದಿಂದ ಇದೇ ಕ್ರಮ. 36 ಪಾಠಗಳ ಪಟ್ಟಿ ಆ್ಯಪ್‌ನಲ್ಲೇ ಇದೆ, ಮತ್ತೆ ಬರೆಯುವುದಿಲ್ಲ. ಸೇಲ್‌ನಲ್ಲಿ 35 ಡಾಲರಿಗೆ ಕೊಂಡೆ. ತಿಂಗಳ ಚಂದಾ ಇಲ್ಲ ಅನ್ನುವುದು ನನ್ನ ಬಜೆಟ್ಟಿಗೆ ದೊಡ್ಡ ವಿಷಯ.

ನನಗೆ ತುಂಬಾ ಇಷ್ಟವಾಗಿದ್ದು 6ನೇ ಪಾಠ. 17ನೇ ಶತಮಾನದ ಪಾದ್ರಿ ರೋಜರ್ ವಿಲಿಯಮ್ಸ್ ಬಗ್ಗೆ. ಯಾರು ಏನು ನಂಬಬೇಕು ಅಂತ ಹೇಳುವ ಅಧಿಕಾರ ಸರ್ಕಾರಕ್ಕಿಲ್ಲ ಅಂದರು. ಮೂಲನಿವಾಸಿಗಳ ನೆಲವನ್ನು ಇಂಗ್ಲೆಂಡಿನ ರಾಜ ಯಾರಿಗೋ ಬರೆದುಕೊಡುವ ಹಾಗಿಲ್ಲ ಅಂತಲೂ ಅಂದರು. 1635ರಲ್ಲಿ ಮ್ಯಾಸಚೂಸೆಟ್ಸ್ ಕಾಲೊನಿ ಅವರನ್ನು ಗಡಿಪಾರು ಮಾಡಿತು. ಹಿಮದಲ್ಲೇ ನಡೆದು ಹೊರಟರು. 1636ರಲ್ಲಿ ನ್ಯಾರಗ್ಯಾನ್‌ಸೆಟ್ ಅನ್ನುವ ಮೂಲನಿವಾಸಿ ಬುಡಕಟ್ಟಿನ ಮುಖಂಡರಾದ ಕೆನಾನಿಕಸ್ ಮತ್ತು ಮಿಯಾಂಟನೋಮಿ ಜಾಗ ಕೊಟ್ಟರು. ಅದೇ ನಾನಿರುವ ಊರು. ಅವರನ್ನು ಹೊರಹಾಕಿದ ಕಡೆಗೇ ನಾನು ದಿನಾ ಕೆಲಸಕ್ಕೆ ಹೋಗುತ್ತಿದ್ದೇನೆ ಅಂತ ಹೊಳೆದ ದಿನ ಕಾಫಿ ಆರಿಹೋಗಿತ್ತು.

ಧರ್ಮ ಬೇರೆ, ಸರ್ಕಾರ ಬೇರೆ ಅಂದರೆ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಬರೆದ, ಎರಡರ ನಡುವಿನ 'ಗೋಡೆ' ಅಂತಷ್ಟೇ ನನಗೆ ಗೊತ್ತಿತ್ತು. ವಿಲಿಯಮ್ಸ್ 1644ರಲ್ಲೇ ಆ ಮಾತು ಬರೆದಿದ್ದರು. ಚರ್ಚು ಒಂದು ತೋಟ, ಹೊರಗಿನ ಲೋಕ ಕಾಡು, ನಡುವೆ ಬೇಲಿ ಬೇಕು ಅಂತ. ಅವರ ಚಿಂತೆ ತೋಟದ್ದು. ಸರ್ಕಾರ ಕೈ ಹಾಕಿದರೆ ಭಕ್ತಿ ಕೆಡುತ್ತದೆ ಅನ್ನುವ ಭಯ. ಧರ್ಮದ ಮೇಲೆ ಅಸಡ್ಡೆ ಇದ್ದವರಲ್ಲ, ಇಂಗ್ಲೆಂಡಿನ ಚರ್ಚನ್ನು ಶುದ್ಧ ಮಾಡಬೇಕು ಅನ್ನುತ್ತಿದ್ದ ಪ್ಯೂರಿಟನ್ ಪಂಥದಲ್ಲೇ ಉಳಿದವರಿಗಿಂತ ಕಟ್ಟುನಿಟ್ಟಿನವರು. ಇದನ್ನು ಇಷ್ಟು ಬಿಡಿಸಿ ಹೇಳಿದ್ದನ್ನು ನಾನು ಬೇರೆ ಕಡೆ ಕೇಳಿರಲಿಲ್ಲ.

8ನೇ ಪಾಠದಲ್ಲಿ ಮೇರಿ ಡೈಯರ್ ಬರುತ್ತಾರೆ. ಕ್ವೇಕರ್ ಅನ್ನುವ ಕ್ರೈಸ್ತ ಪಂಥಕ್ಕೆ ಸೇರಿದ್ದಕ್ಕೆ ಬಾಸ್ಟನ್‌ನಿಂದ ಹೊರಹಾಕಿದರೂ ಮತ್ತೆ ಮತ್ತೆ ವಾಪಸ್ ಬಂದರು. 1660ರಲ್ಲಿ ಗಲ್ಲಿಗೆ ಹಾಕಿದರು. ಬಾಸ್ಟನ್‌ನ ಸ್ಟೇಟ್ ಹೌಸ್, ಅಂದರೆ ರಾಜ್ಯದ ಶಾಸನಸಭೆಯ ಕಟ್ಟಡದ ಮುಂದೆ ಅವರ ಪ್ರತಿಮೆ ಇದೆ. ಸುಮ್ನೆ ಕೂತಿರುವ ಹೆಂಗಸು, ಕೈ ಮಡಿಲಲ್ಲಿ. ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಎಷ್ಟೋ ಸಲ ಅಲ್ಲಿಗೆ ಹೋಗಿದ್ದೇನೆ.

ಮೊದಲ ವರ್ಷವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಆಮೇಲೆ ಒಂದು ಭಾನುವಾರ ಬ್ರೌನ್ ಯೂನಿವರ್ಸಿಟಿ ಕಡೆ ವಾಕಿಂಗ್ ಹೋದಾಗ ಗುಲಾಮಗಿರಿಯ ಸ್ಮಾರಕ ಕಣ್ಣಿಗೆ ಬಿತ್ತು. ಮನೆಗೆ ಬಂದು ಓದಲು ಕೂತೆ. ರೋಡ್ ಐಲೆಂಡ್‌ನಲ್ಲಿ ಈ ಕಾಲೇಜು ಶುರು ಮಾಡಲು ಚಾರ್ಟರ್, ಅಂದರೆ ಅನುಮತಿ ಪತ್ರ, ಸಿಕ್ಕಿದ್ದು 1764ರಲ್ಲಿ. ಯಾವ ಪಂಥದ ಹುಡುಗರಾದರೂ ಸೇರಬಹುದಿತ್ತು. ಅದೇ ವರ್ಷ ಪ್ರಾವಿಡೆನ್ಸ್‌ನಿಂದ ವ್ಯಾಪಾರಿಗಳಾದ ಬ್ರೌನ್ ಸಹೋದರರ 'ಸ್ಯಾಲಿ' ಅನ್ನುವ ಹಡಗು ಆಫ್ರಿಕಾಕ್ಕೆ ಹೊರಟಿತು. ಗುಲಾಮರಾಗಿ ಕೊಂಡ 196 ಜನರಲ್ಲಿ ಕನಿಷ್ಠ 109 ಜನ ಸತ್ತರು. ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕೆ ಅಂತ ಕಟ್ಟಿದ ಊರಿನಲ್ಲಿ!

6ನೇ ಪಾಠದಲ್ಲಿ ಇದರ ಸುಳಿವೂ ಇಲ್ಲ. ಗುಲಾಮಗಿರಿಯನ್ನೆಲ್ಲ ಒಂದೇ ಪಾಠಕ್ಕೆ ತುಂಬಿ 29ನೆಯದಾಗಿ ಇಟ್ಟಿದ್ದಾರೆ. ಅಷ್ಟು ಹೊತ್ತಿಗೆ ಸ್ವಾತಂತ್ರ್ಯ, ಸಮಾನತೆ, ಸಂವಿಧಾನ ಎಲ್ಲ ಮುಗಿದಿರುತ್ತದೆ. ಬೇರೆ ಯಾವುದೋ ದೇಶದ ಕಥೆಯ ಹಾಗೆ ಇದು ಆಮೇಲೆ ಬರುತ್ತದೆ. ನನಗೆ ನಿಜವಾಗಿ ಕೋಪ ಬಂತು.

ಆ ಪಾಠ ಕೆಟ್ಟದಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ತುಂಬಾ ಚೆನ್ನಾಗಿದೆ. 1662ರ ವರ್ಜೀನಿಯಾ ಕಾನೂನಿನ ಪ್ರಕಾರ ತಾಯಿ ಗುಲಾಮಳಾದರೆ ಮಗುವೂ ಗುಲಾಮ. ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾದರೂ ಬಿಡುಗಡೆ ಇಲ್ಲ ಅಂತ 1667ರಲ್ಲಿ ಇನ್ನೊಂದು ಕಾನೂನು. ಇದು ಧರ್ಮದ ಪಾಠದಲ್ಲೇ ಬರಬೇಕಾದ ಮಾತು ಅಲ್ವಾ? ಗುಲಾಮಳಾಗಿದ್ದ ಮಮ್ ಬೆಟ್ ಕಥೆಯೂ ಇದೆ. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಅಂತ ಮ್ಯಾಸಚೂಸೆಟ್ಸ್‌ನ 1780ರ ಸಂವಿಧಾನ ಹೇಳಿತು. ಹಾಗಾದರೆ ನಾನೂ ಸ್ವತಂತ್ರಳೇ ಅಂತ ಆಕೆ ವಕೀಲರ ಹತ್ತಿರ ಹೋದರು. 1781ರಲ್ಲಿ ಕೇಸು ಗೆದ್ದರು. ಆಮೇಲೆ ಎಲಿಜಬೆತ್ ಫ್ರೀಮನ್ ಅಂತ ಹೆಸರಿಟ್ಟುಕೊಂಡರು. ಇದನ್ನು ಕೇಳುವಾಗ ಬ್ಯಾಕ್ ಬೇ ಸ್ಟೇಷನ್ ಬಂದಿದ್ದೇ ಗೊತ್ತಾಗಲಿಲ್ಲ.

ಕನ್ನಡದವರಿಗೆ ಒಂದು ಖುಷಿಯ ವಿಷಯ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠದಲ್ಲಿ ನಮ್ಮ ಹೈದರಾಲಿ ಹೆಸರು ಬರುತ್ತದೆ. ಅದೇ ಹೆಸರಿನ ಪೆನ್ಸಿಲ್ವೇನಿಯಾದ ಹಡಗು 1782ರ ಏಪ್ರಿಲ್‌ನಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಹಿಡಿಯಿತು. ಆ ತುಣುಕನ್ನು ಎರಡು ಸಲ ಹಿಂದಕ್ಕೆ ಹಾಕಿ ಕೇಳಿದೆ.

ಈಗ ಮೂರನೇ ಸಲ ಕೇಳುತ್ತಿದ್ದೇನೆ. ಕೊಟ್ಟ ದುಡ್ಡಿಗೆ ಬೇಜಾರಿಲ್ಲ, ನಾಲ್ಕು ಸ್ಟಾರ್. ಕೊಳ್ಳುವವರು ಅವರಿಟ್ಟ ಕ್ರಮದಲ್ಲಿ ಮಾತ್ರ ಕೇಳಬೇಡಿ. 6 ಮುಗಿದ ತಕ್ಷಣ 29 ಕೇಳಿ, ಆಮೇಲೆ 7ಕ್ಕೆ ಬನ್ನಿ.