‘ಗೂಗಲ್ ಪೆನಾಲ್ಟಿ ತೆಗೆಸಿಕೊಡ್ತೀವಿ’ ಅನ್ನೋರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ವೆಬ್‌ಸೈಟ್ ಇಟ್ಟುಕೊಂಡು ಸಣ್ಣ ವ್ಯಾಪಾರ ಮಾಡುವವರು ದಯವಿಟ್ಟು ಓದಿ. ‘ಗೂಗಲ್ ನಿಮ್ಮ ಸೈಟಿಗೆ ಶಿಕ್ಷೆ ಹಾಕಿ ಸರ್ಚ್‌ನಲ್ಲಿ ಹಿಂದಕ್ಕೆ ತಳ್ಳಿದೆ, ಅದನ್ನ ತೆಗೆಸಿಕೊಡ್ತೀವಿ’ ಅಂತ ‘ಪೆನಾಲ್ಟಿ ರಿಕವರಿ’ ಹೆಸರಲ್ಲಿ ಒಂದು ದಂಧೆ ಜೋರಾಗಿ ನಡೀತಿದೆ. ನನ್ನ 45 ಸಾವಿರ ಹೋಯಿತು. ದುಡ್ಡಿಗಿಂತ ಜಾಸ್ತಿ ಉರಿಸಿದ್ದು ಅವರ ಸುಳ್ಳು.

ನಮ್ಮದು ಸಕಲೇಶಪುರದ ಹತ್ತಿರ ಹೋಮ್‌ಸ್ಟೇ. ಹಿಂದೆ ಸೈಟ್ ನೋಡಿಕೊಳ್ತಿದ್ದ ಹುಡುಗ ಎಲ್ಲಿಂದಲೋ ಅಗ್ಗದ ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರೋ ಲಿಂಕ್) ಪ್ಯಾಕೇಜ್ ತಂದು ಹಾಕಿದ್ದ. ಜೂಜಿನ ಸೈಟು, ಮಾತ್ರೆ ಮಾರೋ ಸೈಟು, ಯಾವ ಭಾಷೆ ಅಂತಲೇ ತಿಳಿಯದ ಸೈಟು, ಎಲ್ಲದರಲ್ಲೂ ನಮ್ಮ ಲಿಂಕ್. ಸ್ವಲ್ಪ ದಿನ ಗೂಗಲ್ ಸರ್ಚ್‌ನ ಮೊದಲ ಪುಟದಲ್ಲಿ ಮೆರೆದೆವು. ಆಮೇಲೆ ಸರಿಯಾಗಿ ಸೀಸನ್ ಶುರುವಾಗೋ ಹೊತ್ತಿಗೆ ಎಲ್ಲೋ ಹಿಂದಕ್ಕೆ.

ಆಗ ಸಿಕ್ಕಿದ್ದು ಬೆಂಗಳೂರಿನ ಈ ಏಜೆನ್ಸಿ. ಕೆಂಪು ಬಣ್ಣ ತುಂಬಿದ ಪಿಡಿಎಫ್ ಕಳಿಸಿದರು. "ಟಾಕ್ಸಿಕ್ ಸ್ಕೋರ್ 78 ಸರ್. ಮ್ಯಾನುಯಲ್ ಪೆನಾಲ್ಟಿ ಬಿದ್ದಿದೆ. ಗೂಗಲ್‌ಗೆ ರೀಕನ್ಸಿಡರೇಶನ್ ರಿಕ್ವೆಸ್ಟ್ ಹಾಕಬೇಕು, ಒಳಗೆ ನಮ್ಮವರಿದ್ದಾರೆ." ಅಂದರೆ ಗೂಗಲ್ ಸಿಬ್ಬಂದಿಯೇ ನೋಡಿ ಶಿಕ್ಷೆ ಹಾಕಿದ್ದಾರೆ, ತೆಗೀರಿ ಅಂತ ಮನವಿ ಕಳಿಸಬೇಕು ಅಂತ. ಆ ಸ್ಕೋರ್, ಅಂದರೆ ಲಿಂಕ್‌ಗಳು ಎಷ್ಟು ಕೆಟ್ಟವು ಅನ್ನೋ ಅಂಕ, ಯಾವುದೋ ಟೂಲ್‌ನವರು ತಾವೇ ಲೆಕ್ಕ ಹಾಕಿದ್ದು, ಗೂಗಲ್‌ನದ್ದಲ್ಲ. ಇದು ಆಮೇಲೆ ಗೊತ್ತಾಯಿತು.

ದುಡ್ಡೂ ಕೊಟ್ಟೆ, ಸರ್ಚ್ ಕನ್ಸೋಲ್ (ಸರ್ಚ್‌ನಲ್ಲಿ ನಮ್ಮ ಸೈಟಿನ ಸ್ಥಿತಿ ನೋಡೋಕೆ ಗೂಗಲ್ ಮಾಲೀಕರಿಗೆ ಕೊಡೋ ಜಾಗ) ಆಕ್ಸೆಸ್ಸೂ ಅವರಿಗೆ ಕೊಟ್ಟೆ. ಕೇಳಿದಾಗೆಲ್ಲ ವಾಟ್ಸಾಪ್‌ನಲ್ಲಿ ಒಂದೇ ಉತ್ತರ: "ಅಂಡರ್ ರಿವ್ಯೂ ಇದೆ ಸರ್. ಟೆನ್ಶನ್ ಬೇಡ."

ದೀಪಾವಳಿಗೆ ಅಕ್ಕನ ಮಗ ಬಂದಿದ್ದ. ಲ್ಯಾಪ್‌ಟಾಪ್ ತೆಗೆದು ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುಯಲ್ ಆಕ್ಷನ್ಸ್ (ಮ್ಯಾನುಯಲ್ ಪೆನಾಲ್ಟಿಗೆ ಗೂಗಲ್ ಇಟ್ಟ ಹೆಸರು) ಅನ್ನೋ ಪುಟ ಒತ್ತಿದ. ಹಸಿರು ಟಿಕ್ ಮಾರ್ಕು. ‘ನೋ ಇಶ್ಯೂಸ್ ಡಿಟೆಕ್ಟೆಡ್’. ನಾನು ಖುಷಿಯಲ್ಲಿ "ಹಾಗಾದ್ರೆ ಪೆನಾಲ್ಟಿ ತೆಗೆದ್ರಾ?" ಅಂದೆ. "ಮಾವ, ಬಿದ್ದೇ ಇಲ್ಲ. ಬಿದ್ದಿದ್ರೆ ಗೂಗಲ್‌ನಿಂದ ಇಲ್ಲೇ ಮೆಸೇಜ್ ಬಂದಿರ್ತಿತ್ತು. ಮ್ಯಾನುಯಲ್ ಆಕ್ಷನ್ ಇಲ್ಲದೆ ರೀಕನ್ಸಿಡರೇಶನ್ ಕಳಿಸೋಕೇ ಆಗಲ್ಲ" ಅಂದ.

ಅಂದರೆ ಇಷ್ಟು ದಿನ ಅಂಡರ್ ರಿವ್ಯೂ ಇದ್ದಿದ್ದು ಏನು ಸ್ವಾಮಿ? ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಮುಖ ಎಲ್ಲಿಡೋದು ಅನ್ನಿಸಿತು.

ಏಜೆನ್ಸಿಗೆ ಫೋನ್ ಹಚ್ಚಿದೆ.

"ಅದು ಅಲ್ಗಾರಿದಮ್ ಪೆನಾಲ್ಟಿ ಸರ್, ಗೂಗಲ್‌ನ ಕಂಪ್ಯೂಟರ್ ತಾನೇ ಹಾಕೋದು, ಅಲ್ಲಿ ಕಾಣಿಸಲ್ಲ."

"ಮತ್ತೆ ಮ್ಯಾನುಯಲ್ ಅಂದಿದ್ರಲ್ಲ? ರಿಕ್ವೆಸ್ಟ್ ಯಾವುದಕ್ಕೆ ಕಳಿಸಿದ್ರಿ?"

"ಟೆಕ್ನಿಕಲ್ ಟೀಮ್ ಹತ್ರ ಕೇಳಿ ಹೇಳ್ತೀನಿ ಸರ್."

ಇವತ್ತಿನವರೆಗೂ ಹೇಳಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಅಕ್ಕನ ಮಗ ಏಜೆನ್ಸಿಯವರು ಹಾಕಿದ್ದ ಡಿಸ್‌ಅವೋ ಫೈಲ್ ಇಳಿಸಿಕೊಂಡು ನೋಡಿದ. ಈ ಲಿಂಕ್‌ಗಳನ್ನ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ ಅಂತ ಗೂಗಲ್‌ಗೆ ಕೊಡೋ ಪಟ್ಟಿ ಅದು. ಜೂಜಿನ ಸೈಟುಗಳ ಜೊತೆಗೆ ನಮ್ಮಲ್ಲಿ ಉಳಿದು ಹೋಗಿ ಪ್ರೀತಿಯಿಂದ ಬರೆದ ಟ್ರಾವೆಲ್ ಬ್ಲಾಗಿನವರು, ನಮ್ಮ ಬಗ್ಗೆ ಬರೆದಿದ್ದ ಪತ್ರಿಕೆಯ ಸೈಟು, ಪಕ್ಕದ ಎಸ್ಟೇಟಿನವರ ಸೈಟು, ಎಲ್ಲವೂ ಅದರಲ್ಲಿ! ಇದ್ದಬದ್ದ ಲಿಂಕೆಲ್ಲ ಗುಡಿಸಿ ಹಾಕಿದ್ದರು. ಕೇಳಿದ್ದಕ್ಕೆ "ಸೇಫ್ಟಿಗೆ ಹಾಕಿದ್ದೀವಿ ಸರ್. ತೆಗೀಬೇಕು ಅಂದ್ರೆ ಬೇರೆ ಚಾರ್ಜ್ ಆಗುತ್ತೆ." ಬೇರೆ ಚಾರ್ಜ್ ಅಂತೆ! ಆ ಫೈಲನ್ನ ನಾವೇ ಪುಕ್ಕಟೆ ತೆಗೆದೆವು. ಆದರೆ ಗೂಗಲ್ ಆ ಪುಟಗಳನ್ನೆಲ್ಲ ಮತ್ತೆ ಬಂದು ನೋಡೋವರೆಗೂ ಕಾಯಬೇಕು.

ಇವರ್ಯಾರೂ ನಿಮಗೆ ಹೇಳದ ವಿಷಯ ಒಂದಿದೆ. 2012ರಲ್ಲಿ ಗೂಗಲ್ ಸರ್ಚ್‌ಗೆ ಪೆಂಗ್ವಿನ್ ಅನ್ನೋ ಅಪ್‌ಡೇಟ್ ಬಂದಾಗ ಕೆಟ್ಟ ಲಿಂಕ್ ಇದ್ದರೆ ಸೈಟನ್ನೇ ಕೆಳಗೆ ತಳ್ಳುತ್ತಿದ್ದರು. 2016ರಲ್ಲಿ ಪೆಂಗ್ವಿನ್ 4.0 ಬಂದ ಮೇಲೆ ಅಂಥ ಲಿಂಕ್‌ಗಳಿಗೆ ಹೆಚ್ಚಾಗಿ ಬೆಲೆಯನ್ನೇ ಕೊಡಲ್ಲ, ಅಷ್ಟೇ. ಅವುಗಳಿಂದ ಸಿಕ್ಕಿದ್ದ ಏರಿಕೆ ಹೋದರೆ ವಾಪಸ್ ಬರಲ್ಲ ಅಂತ ಗೂಗಲ್ಲೇ ಹೇಳಿದೆ. ಅಂದ ಮೇಲೆ ಇವರು ‘ರಿಕವರಿ’ ಮಾಡೋದು ಏನನ್ನ?

ಯಾರಾದರೂ ಪೆನಾಲ್ಟಿ ಅಂದರೆ ಮೊದಲು ಮ್ಯಾನುಯಲ್ ಆಕ್ಷನ್ಸ್ ಪುಟ ನೀವೇ ತೆಗೆದು ನೋಡಿ. ನಿಜವಾಗಲೂ ಬಿದ್ದಿದ್ದರೂ ರೀಕನ್ಸಿಡರೇಶನ್‌ಗೆ ಗೂಗಲ್ ಒಂದು ಪೈಸೆ ತಗೊಳ್ಳಲ್ಲ. "ಒಳಗೆ ನಮ್ಮವರಿದ್ದಾರೆ" ಅಂದ ತಕ್ಷಣ ಫೋನ್ ಇಡಿ. ಆಕ್ಸೆಸ್ ಈಗಾಗಲೇ ಕೊಟ್ಟಿದ್ದರೆ ಯೂಸರ್ ಲಿಸ್ಟಿನಿಂದ ಹೆಸರು ತೆಗೆದರೆ ಸಾಲದು. ತಾವೇ ಓನರ್ ಅಂತ ಗೂಗಲ್‌ಗೆ ತೋರಿಸೋಕೆ ಅವರು ಸೈಟಿನಲ್ಲಿ ಹಾಕಿರೋ ವೆರಿಫಿಕೇಶನ್ ಫೈಲ್ ಅಥವಾ ಕೋಡ್ ಕೂಡ ಕಿತ್ತು ಹಾಕಿ, ಇಲ್ಲದಿದ್ದರೆ ಮತ್ತೆ ಓನರ್ ಆಗಿ ಒಳಗೆ ಬರುತ್ತಾರೆ.