ಆಟಿಸಂ ಇರುವವರ ಮನೆಯವರೇ, ಆ ಮೀಟಿಂಗ್‌ನಲ್ಲಿ ಯಾವ ಕಾಗದಕ್ಕೂ ಸೈನ್ ಹಾಕಬೇಡಿ

ಇದನ್ನು ಬರೆಯಬೇಡ ಅಂತ ಅಮ್ಮ ಎಷ್ಟೋ ಸಲ ಹೇಳಿದ್ದರು. ನಾಲ್ಕು ಜನಕ್ಕೆ ಗೊತ್ತಾದರೆ ಮಾನ ಹೋಗುತ್ತದೆ ಅನ್ನುವುದು ಅವರ ಸಂಕಟ. ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೆ ನಿನ್ನೆ ರಾತ್ರಿ ನಮ್ಮ ಪೇರೆಂಟ್ಸ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. "ನಿಮ್ಮ ನಂತರ ನಿಮ್ಮ ಮಗುವಿಗೆ ಯಾರು?" ಅಂತ ದೊಡ್ಡ ಅಕ್ಷರ. ಅದರ ಕೆಳಗೆ ನನ್ನ ತಮ್ಮನ ಫೋಟೊ! ನಮ್ಮ ಮನೆಯ ಸೋಫಾ ಮೇಲೆ ಕೂತು ನಗುತ್ತಿದ್ದಾನೆ. ನಮಗೆ ಮೋಸ ಮಾಡಿದ ಮನುಷ್ಯನೇ ತೆಗೆದ ಫೋಟೊ ಅದು. ಮುಂದಿನ ಭಾನುವಾರ ಇನ್ನೊಂದು ಊರಿನಲ್ಲಿ ಮೀಟಿಂಗ್ ಅಂತೆ. ಇನ್ನು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ನಾವು ಮೈಸೂರಿನವರು. ತಮ್ಮನಿಗೆ 31 ವರ್ಷ, ಆಟಿಸಂ ಇದೆ. ಅಪ್ಪ ರೈಲ್ವೆಯಲ್ಲಿದ್ದರು, ಈಗಿಲ್ಲ. ಅಮ್ಮನಿಗೆ 67, ಫ್ಯಾಮಿಲಿ ಪೆನ್ಷನ್ ಬರುತ್ತದೆ. ನಮ್ಮಂಥ ಮನೆಗಳಲ್ಲಿ ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ ಯಾವುದು ಅಂತ ನಿಮಗೆ ಹೇಳಬೇಕಾಗಿಲ್ಲ. ಪಾಲಿಸಿ ಮಾರುವ ಆ ಮನುಷ್ಯ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಬಂದ. ಒಂದು ಹೋಟೆಲಿನ ಹಾಲ್‌ನಲ್ಲಿ ಮೀಟಿಂಗ್ ಇತ್ತು. ಅಮ್ಮ ಅಲ್ಲಿ ಅತ್ತೇಬಿಟ್ಟರು. ಮರುದಿನವೇ ಅವನು ಮನೆಗೆ ಬಂದ. ಕಾಫಿ ಕುಡಿದ, "ಇವನು ನನ್ನ ತಮ್ಮ ಇದ್ದ ಹಾಗೆ ಅಮ್ಮಾ" ಅಂದ, ಫೋಟೊ ತೆಗೆದುಕೊಂಡ.

ಹೇಳಿದ್ದು ಇಷ್ಟು. ತಮ್ಮನಿಗೆ 18 ದಾಟಿದೆ, ಆದ್ದರಿಂದ ಅಮ್ಮ ಈಗ ಕಾನೂನು ಪ್ರಕಾರ ಅವನ ಗಾರ್ಡಿಯನ್ ಅಲ್ಲ. ಇದು ನಿಜವೇ. ಗಾರ್ಡಿಯನ್ ಆಗಬೇಕಾದರೆ ಕೋರ್ಟಿಗೆ ಹೋಗಬೇಕು, ಲಾಯರ್ ಬೇಕು ಅಂದ. ಇದು ಸುಳ್ಳು. ಅಮ್ಮನ ನಂತರ ಪೆನ್ಷನ್ ನಿಂತುಹೋಗುತ್ತದೆ, 25 ದಾಟಿದ ಮಗನಿಗೆ ಏನೂ ಇಲ್ಲ ಅಂದ. ಇದು ಇನ್ನೂ ದೊಡ್ಡ ಸುಳ್ಳು. ಹಾಗಾಗಿ ಒಂದು ವಿಮಾ ಪಾಲಿಸಿ, ತಮ್ಮನಿಗಾಗಿ ಆಸ್ತಿ ನೋಡಿಕೊಳ್ಳುವ ಒಂದು ಟ್ರಸ್ಟ್, ಗಾರ್ಡಿಯನ್‌ಶಿಪ್, ಮೂರೂ ಸೇರಿ ಪ್ಯಾಕೇಜ್. ಅವನ ಫೀಸು 60 ಸಾವಿರ. ಪಾಲಿಸಿಗೆ ವರ್ಷಕ್ಕೆ ಒಂದೂವರೆ ಲಕ್ಷ. ನ್ಯಾಷನಲ್ ಟ್ರಸ್ಟ್ ಅನ್ನುವ ಸರ್ಕಾರಿ ಸಂಸ್ಥೆಯ ಸ್ಲೈಡ್ ತೋರಿಸಿದ, ಹಿಂದೆಯೇ "ನಿಮ್ಮ ಟ್ರಸ್ಟ್" ಅಂದ. ಎರಡೂ ಒಂದೇ ಅಂದುಕೊಂಡೆವು. ನಾನು ಓದಿದವಳು, ಕೆಲಸದಲ್ಲಿರುವವಳು, ನಾನೂ ಹಾಗೇ ಅಂದುಕೊಂಡೆ. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಎಷ್ಟೋ ತಿಂಗಳು ಕೇಳಿದಾಗಲೆಲ್ಲ ಒಂದೇ ಉತ್ತರ. "ಫೈಲ್ ಕೋರ್ಟಲ್ಲಿದೆ ಮೇಡಂ."

ಬ್ಯಾಂಕಿನವರು ತಮ್ಮನ ಅಕೌಂಟಿಗೆ ಗಾರ್ಡಿಯನ್ ಸರ್ಟಿಫಿಕೇಟ್ ಕೇಳಿದರು. ಅದನ್ನು ವಿಚಾರಿಸೋಣ ಅಂತ ನಾನೇ ವಿಕಲಚೇತನರ ಸಬಲೀಕರಣ ಇಲಾಖೆಯ ಆಫೀಸಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ನನ್ನ ಮಾತು ಪೂರ್ತಿ ಕೇಳಿ ಪೆನ್ನು ಕೆಳಗಿಟ್ಟರು. "ಕೋರ್ಟಾ? ಆಟಿಸಂಗೆ ಕೋರ್ಟ್ ಯಾಕಮ್ಮ? ಡಿಸಿ ಸಾಹೇಬರ ಸಮಿತಿ ಇದೆಯಲ್ಲ" ಅಂದರು. ಫೀಸು ಎಷ್ಟು ಅಂತ ಕೇಳಿದೆ. "ಫೀಸಾ? ಯಾರಿಗೆ ಕೊಟ್ರಿ ನೀವು?" ಅಂದರು. ಪಕ್ಕದ ಟೇಬಲಿನವರೂ ತಲೆ ಎತ್ತಿ ನೋಡಿದರು. ನನಗೆ ಉತ್ತರ ಹೇಳಲು ಆಗಲಿಲ್ಲ. ಕೈಯಲ್ಲಿ ಅವನು ಕೊಟ್ಟಿದ್ದ ಬಣ್ಣದ ಫೋಲ್ಡರ್ ಇತ್ತು, ಅದನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಮೆಟ್ಟಿಲಿಳಿದು ಹೊರಗೆ ಬಂದು ಹತ್ತು ನಿಮಿಷ ಹಾಗೇ ನಿಂತಿದ್ದೆ. ಅಮ್ಮನಿಗೆ ಏನಂತ ಹೇಳಲಿ?

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿಯ ಸ್ಥಳೀಯ ಮಟ್ಟದ ಸಮಿತಿಯೇ ಗಾರ್ಡಿಯನ್ ನೇಮಿಸುತ್ತದೆ. ಅರ್ಜಿಗೆ ಫೀಸಿಲ್ಲ. ಆ ಸರ್ಟಿಫಿಕೇಟನ್ನು ಬ್ಯಾಂಕುಗಳು ಒಪ್ಪುತ್ತವೆ. ಅಮ್ಮನಿಗೆ ಈಗ ಅದು ಸಿಕ್ಕಿದೆ. ಅವನಿಗೆ ಕೊಟ್ಟ 60 ಸಾವಿರದಲ್ಲಿ ಒಂದು ಅರ್ಜಿಯೂ ಹೋಗಿರಲಿಲ್ಲ. ಒಂದೂ!

ಆ ರಾತ್ರಿ ಮೊದಲ ಸಲ ಎಲ್ಲ ಕಾಗದ ಓದಿದೆ. ಟ್ರಸ್ಟ್ ಡೀಡ್ 22 ಪುಟ, ಎಲ್ಲ ಇಂಗ್ಲಿಷ್. ಒಳಗೆ ಎಲ್ಲೋ ಒಂದು ಕಡೆ, ಟ್ರಸ್ಟಿ, ಅಂದರೆ ಆಸ್ತಿ ನೋಡಿಕೊಳ್ಳುವವರು, ಅವನ ಕಂಪನಿ. ಅವರನ್ನು ತೆಗೆಯುವ ಹಾಗಿಲ್ಲ. ಆಸ್ತಿಯ ಮೇಲೆ ಪ್ರತಿ ವರ್ಷ ಫೀಸು. ಡೀಡ್ ರದ್ದು ಮಾಡುವ ಹಾಗೂ ಇಲ್ಲ. ಮನೆಯನ್ನು ಅದಕ್ಕೆ ಬರೆದುಕೊಡಬೇಕು ಅಂತ ಅಮ್ಮನ ಬೆನ್ನು ಬಿದ್ದಿದ್ದ. ರಿಜಿಸ್ಟ್ರೇಷನ್ ದಿನ ಅಮ್ಮನಿಗೆ ಜ್ವರ ಬಂದು ಹೋಗಲಾಗಲಿಲ್ಲ. ಆ ಜ್ವರದಿಂದ ನಮ್ಮ ಮನೆ ಉಳಿಯಿತು.

ಪಾಲಿಸಿ "ಆಟಿಸಂ ಮಕ್ಕಳಿಗೇ ಮಾಡಿದ್ದು" ಅಂದಿದ್ದ. ಅದು ವಿಮೆ, ಹೂಡಿಕೆ ಎರಡೂ ಸೇರಿದ ಮಾಮೂಲಿ ಯುಲಿಪ್. 67 ವರ್ಷದ ಅಮ್ಮನ ಜೀವದ ಮೇಲೆ! ಆ ವಯಸ್ಸಿಗೆ ವಿಮೆಯ ಚಾರ್ಜು ತಿಂಗಳು ತಿಂಗಳು ನಮ್ಮ ಹೂಡಿಕೆಯ ಯೂನಿಟ್ ಕತ್ತರಿಸುತ್ತದೆ. ನಾಮಿನಿ ನನ್ನ ತಮ್ಮ. ಅವನಿಗೆ ಬ್ಯಾಂಕಿನ ಚೀಟಿ ತುಂಬಲು ಬರುವುದಿಲ್ಲ. ಗಾರ್ಡಿಯನ್ ಇಲ್ಲದೆ ಆ ದುಡ್ಡು ಬಂದರೂ ಅವನಿಗೆ ಹೇಗೆ ದಕ್ಕುತ್ತದೆ? ಅಂಗವಿಕಲ ಅವಲಂಬಿತರಿರುವವರಿಗೆ ಕೊಡುವ 80ಡಿಡಿ ತೆರಿಗೆ ಉಳಿತಾಯ ನನಗೆ ಸಿಗುತ್ತದೆ ಅಂತ ಆ ಮನುಷ್ಯ ಅಂದಿದ್ದ. ಆಡಿಟರ್ ನಕ್ಕುಬಿಟ್ಟರು. ಅದು ಪಾಲಿಸಿ ಇಲ್ಲದಿದ್ದರೂ ಸಿಗುತ್ತಿತ್ತು. ಅವಲಂಬಿತ ತಮ್ಮನನ್ನು ನೋಡಿಕೊಳ್ಳುವ ಅಕ್ಕನಿಗೆ ತೆರಿಗೆ ಹಾಕುವ ಆದಾಯದಲ್ಲಿ 75 ಸಾವಿರ ಕಡಿತ, ಅಂಗವೈಕಲ್ಯ 80% ಅಥವಾ ಅದಕ್ಕಿಂತ ಹೆಚ್ಚಿದ್ದರೆ 1.25 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಅದೂ ಇಲ್ಲ, ನಾನು ಹೊಸದರಲ್ಲೇ ಇದ್ದೇನೆ.

ಇನ್ನು ಪೆನ್ಷನ್. ದುಡಿಯಲಾಗದ ಅಂಗವಿಕಲ ಮಗನಿಗೆ ಕೇಂದ್ರ ಸರ್ಕಾರದ, ರೈಲ್ವೆಯ ಫ್ಯಾಮಿಲಿ ಪೆನ್ಷನ್ ಜೀವನಪೂರ್ತಿ ಬರುತ್ತದೆ. ಅಮ್ಮ ಇರುವಾಗಲೇ ಅವನ ಹೆಸರನ್ನು ಪಿಪಿಒದಲ್ಲಿ, ಅಂದರೆ ಪೆನ್ಷನ್ ಆದೇಶ ಪತ್ರದಲ್ಲಿ, ಸೇರಿಸಬಹುದು. ಅಪ್ಪ ದುಡಿದು ಇಟ್ಟು ಹೋದದ್ದು ಅದು. ಅದು ಇಲ್ಲವೇ ಇಲ್ಲ ಅಂತ ಹೇಳಿ ಅಮ್ಮನನ್ನು ಹೆದರಿಸಿದ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವು ನನಗೆ ಇದೇ.

ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕೇಳಿದೆ. ಬಂದ ಉತ್ತರಗಳು ಇವು.

"ಮೇಡಂ, ಪ್ರತಿ ಪುಟಕ್ಕೂ ಅಮ್ಮನವರ ಸೈನ್ ಇದೆ."

ಪಾಲಿಸಿ ವಾಪಸ್ ಮಾಡಿ ಅಂದೆ. "30 ದಿನ ಫ್ರೀ ಲುಕ್ ಇತ್ತು, ನೀವು ಯಾಕೆ ನೋಡಲಿಲ್ಲ?" ಫ್ರೀ ಲುಕ್ ಅಂದರೆ ಪಾಲಿಸಿ ಓದಿ, ಬೇಡವಾದರೆ ವಾಪಸ್ ಮಾಡುವ ಅವಧಿ. ಪಾಲಿಸಿ ಬಾಂಡ್ ನಮ್ಮ ಕೈಗೇ ಬಂದಿರಲಿಲ್ಲ! "ನನ್ನ ಹತ್ತಿರ ಸೇಫಾಗಿರಲಿ" ಅಂತ ಇಟ್ಟುಕೊಂಡವನು ಅವನೇ. ಪಾಲಿಸಿಗೆ ಅರ್ಜಿ ಹಾಕಿದ ಪ್ರಪೋಸಲ್ ಫಾರ್ಮ್‌ನಲ್ಲಿ ಇಮೇಲ್, ಫೋನ್ ನಂಬರ್ ಎರಡೂ ಅವನ ಆಫೀಸಿನದು.

ಕೊನೆಗೆ ಬಂದದ್ದು ಇದು. "ನಿಮಗೆ ತಮ್ಮನ ಭವಿಷ್ಯಕ್ಕಿಂತ ದುಡ್ಡು ಮುಖ್ಯ ಅನ್ಸುತ್ತೆ."

ಇದನ್ನು ನನಗೆ ಹೇಳಿದ. ನಾನು ಮದುವೆ ಬೇಡ ಅಂದದ್ದು ಯಾರಿಗಾಗಿ ಅಂತ ಅವನಿಗೆ ಗೊತ್ತಿತ್ತು. ನಾನೇ ಹೇಳಿದ್ದೆ, ಕಾಫಿ ಕೊಟ್ಟು, ನಮ್ಮವರು ಅಂತ ತಿಳಿದು.

ಎರಡು ಕಂತು ಕಟ್ಟಿದ್ದೆವು, ಮೂರು ಲಕ್ಷ. ಯುಲಿಪ್ ಅಂದರೆ ಐದು ವರ್ಷ ಕೈಗೆ ಬರುವುದಿಲ್ಲ. ವಿಮಾ ಕಂಪನಿಗೆ ದೂರು ಕೊಟ್ಟೆ, ಅವರು ಕೈ ತೊಳೆದುಕೊಂಡರು. ಈಗ ವಿಮೆಯ ದೂರುಗಳನ್ನು ಕೇಳುವ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಬರೆದಿದ್ದೇನೆ. ಅದಕ್ಕೆ ಖರ್ಚಿಲ್ಲ, ಲಾಯರ್ ಬೇಡ. ಆದರೆ ಕಂಪನಿಗೆ ಮೊದಲು ಬರವಣಿಗೆಯಲ್ಲಿ ದೂರು ಕೊಟ್ಟಿರಬೇಕು.

ನಿಮಗೆ ಹೇಳುವುದು ಸ್ವಲ್ಪವೇ. ಮೊದಲು ಡಿಸಿ ಆಫೀಸಿಗೆ ಹೋಗಿ. ಪೆನ್ಷನ್ ಇದ್ದರೆ ಪಿಪಿಒ ತೆಗೆದು ನೋಡಿ. ಫಾರ್ಮ್‌ನಲ್ಲಿ ನಿಮ್ಮದೇ ಫೋನ್ ನಂಬರ್ ಇದೆಯಾ ನೋಡಿ. ಟ್ರಸ್ಟ್ ತಪ್ಪು ಅಂತ ನಾನು ಹೇಳುತ್ತಿಲ್ಲ, ಕೆಲವು ಮನೆಗಳಿಗೆ ಅದು ಬೇಕೇ ಬೇಕು. ಆದರೆ ಡೀಡ್ ಬರೆಯುವವನೇ ಟ್ರಸ್ಟಿ, ಅವನೇ ಪಾಲಿಸಿ ಮಾರುವವನು ಅಂದರೆ ಎದ್ದು ಬನ್ನಿ. ಅಮ್ಮಂದಿರನ್ನು ಒಬ್ಬರನ್ನೇ ಆ ಹಾಲ್‌ಗೆ ಕಳಿಸಬೇಡಿ, ದಯವಿಟ್ಟು.

ಫೋಟೊ ತೆಗೆದುಹಾಕು ಅಂತ ನಿನ್ನೆ ರಾತ್ರಿಯೇ ಅವನಿಗೆ ಮೆಸೇಜ್ ಹಾಕಿದೆ. ನೋಡಿದ್ದಾನೆ, ಉತ್ತರ ಇಲ್ಲ. ಪೋಸ್ಟರಿನಲ್ಲಿ ನೀಲಿ ಚೌಕಳಿ ಅಂಗಿ ಹಾಕಿಕೊಂಡಿರುವ ಹುಡುಗ ನನ್ನ ತಮ್ಮ. ಆ ಪೋಸ್ಟರ್ ನಿಮ್ಮ ಗ್ರೂಪಿಗೂ ಬಂದರೆ ಅದರ ಕೆಳಗೆ ಇದನ್ನು ಹಾಕಿ.