ಐದು ದಿನದ ವಿಸ್ತರಣಾ ತರಬೇತಿ: ಹೋಗಿ ಬಂದು ಮೂರು ತಿಂಗಳಾದ ಮೇಲೆ

ಕೊನೆಯ ದಿನ ಸಂಜೆ ನಾಲ್ಕಕ್ಕೆ ಒಂದು ಫಾರಂ ಕೊಟ್ಟರು. ತರಬೇತಿ ಹೇಗಿತ್ತು? ಅತ್ಯುತ್ತಮ, ಉತ್ತಮ, ಸಾಧಾರಣ. ಪಕ್ಕದ ಮೇಜಿನ ಮೇಲೆ ಪ್ರಮಾಣಪತ್ರಗಳ ಕಟ್ಟು ಕಾಣುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು. 28 ಜನರಲ್ಲಿ ನಾನು ನೋಡಿದವರೆಲ್ಲ "ಅತ್ಯುತ್ತಮ" ಅನ್ನುವುದಕ್ಕೆ ಗುರುತು ಹಾಕಿ ಹೊರಟರು. ನಾನೂ ಹಾಗೇ ಮಾಡಿದೆ. ಅವತ್ತು ಆ ಫಾರಂನಲ್ಲಿ ಬರೆಯಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಮುಂದಿನ ಬ್ಯಾಚಿಗೆ ಹೋಗುವವರಿಗೆ ಉಪಯೋಗ ಆಗಲಿ.

ನಾನು ಒಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ (ಕೆವಿಕೆ) ಸಸ್ಯ ಸಂರಕ್ಷಣೆಯ ವಿಷಯ ತಜ್ಞೆ. ಸೇರಿ ಹನ್ನೊಂದು ವರ್ಷ ಆಯಿತು. ಹಾವೇರಿ ಕಡೆ ನಮ್ಮ ಕೆಲಸ. ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಸೀಮೆ. ತರಬೇತಿ ನಡೆದದ್ದು 2025ರ ಜುಲೈನಲ್ಲಿ, ನಮ್ಮ ರಾಜ್ಯದ ಒಳಗೇ ಇರುವ ಒಂದು ಕೇಂದ್ರದಲ್ಲಿ. ಕೇಂದ್ರದ ಹೆಸರು ಬೇಡ. ನಾನು ಹೇಳುವ ಕೊರತೆಗಳು ಅಲ್ಲಿ ಮಾತ್ರ ಇರುವಂಥವಲ್ಲ. ವಿಷಯ "ಸಂವಹನ ಮತ್ತು ಸಹಭಾಗಿತ್ವದ ವಿಸ್ತರಣಾ ವಿಧಾನಗಳು". ವಿಸ್ತರಣೆ ಅಂದರೆ ಕೃಷಿಯ ತಿಳುವಳಿಕೆಯನ್ನು ರೈತರಿಗೆ ಮುಟ್ಟಿಸುವ ಕೆಲಸ. ಬಂದವರು ಬೇರೆ ಬೇರೆ ಜಿಲ್ಲೆಗಳ ಕೆವಿಕೆಗಳವರು ಮತ್ತು ವಿಶ್ವವಿದ್ಯಾಲಯದ ವಿಸ್ತರಣಾ ಘಟಕಗಳವರು.

ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಐದು ದಿನದಲ್ಲಿ ಸುಮಾರು ಒಂದೂವರೆ ದಿನ ಚಿನ್ನದಂಥದ್ದು. ಉಳಿದದ್ದನ್ನು ಸಹಿಸಿಕೊಳ್ಳಬಹುದು.

ಆ ಒಂದೂವರೆ ದಿನದಲ್ಲಿ ಅರ್ಧ ದಿನ ಎರಡನೇ ದಿನದ ಮಧ್ಯಾಹ್ನ ಬಂತು. ಒಬ್ಬೊಬ್ಬರಿಗೆ ಏಳು ನಿಮಿಷ. ಎದುರಿಗೆ ಕೂತವರು ರೈತರು ಅಂದುಕೊಂಡು ಒಂದೇ ಒಂದು ವಿಷಯ ಹೇಳಬೇಕು. ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಎಲ್ಲರ ಮುಂದೆ ತೋರಿಸುತ್ತಾರೆ. ನಾನು ತಗೊಂಡದ್ದು ಗೋವಿನಜೋಳದ ಎಲೆ, ಸುಳಿ ತಿನ್ನುವ ಫಾಲ್ ಸೈನಿಕ ಹುಳು. 2018ರಲ್ಲಿ ಈ ಹುಳು ಭಾರತದಲ್ಲಿ ಮೊದಲು ಕಂಡದ್ದೇ ನಮ್ಮ ಕರ್ನಾಟಕದಲ್ಲಿ. ಅಂದಿನಿಂದ ನಾನು ಜಾಸ್ತಿ ಮಾತಾಡಿರುವುದು ಇದರ ಬಗ್ಗೆಯೇ. ನಿದ್ದೆಗಣ್ಣಲ್ಲೂ ಹೇಳಬಲ್ಲೆ ಅಂದುಕೊಂಡಿದ್ದೆ.

ವಿಡಿಯೊ ನೋಡಿದಾಗ ಮನಸ್ಸಿಗೆ ಬಹಳ ನಾಟಿತು. ಏಳು ನಿಮಿಷದಲ್ಲಿ "ಸಮಗ್ರ ಕೀಟ ನಿರ್ವಹಣೆ" ಅಂತ ಐದು ಸಲ ಅಂದಿದ್ದೆ. ಎಮಾಮೆಕ್ಟಿನ್ ಬೆಂಜೊಯೇಟ್ ಅನ್ನುವ ಕೀಟನಾಶಕ ಒಂದು ಲೀಟರ್ ನೀರಿಗೆ 0.4 ಗ್ರಾಂ ಅಂದಿದ್ದೆ. ತರಬೇತುದಾರರು ವಿಡಿಯೊ ಅಲ್ಲಿಗೇ ನಿಲ್ಲಿಸಿದರು. "ಮೇಡಂ, ರೈತನ ಬೆನ್ನ ಮೇಲೆ ಇರುವ ಕ್ಯಾನು ಎಷ್ಟು ಲೀಟರಿಂದು?" ಅಂತ ಕೇಳಿದರು. ಹದಿನೈದು ಅಂದೆ. "ಹಾಗಾದರೆ ಕ್ಯಾನಿಗೆ ಆರು ಗ್ರಾಂ ಅಂತ ಯಾಕೆ ಹೇಳಲಿಲ್ಲ? ಆ ಲೆಕ್ಕ ಯಾರು ಮಾಡಬೇಕು?" ಅಂದರು. ಹೊಲದ ಬದುವಿನ ಮೇಲೆ ನಿಂತು 0.4ನ್ನು ಹದಿನೈದರಿಂದ ಗುಣಿಸುವುದು ರೈತನ ಕೆಲಸವಲ್ಲ, ನನ್ನದು. ಹನ್ನೊಂದು ವರ್ಷದಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ನಮ್ಮ ಕೆಲಸವನ್ನು ಹೊರಗಿನಿಂದ ನಿಂತು ನೋಡುವವರು ಕಡಿಮೆ, ಅಲ್ವಾ? ವರದಿ ನೋಡುತ್ತಾರೆ, ಫೋಟೊ ನೋಡುತ್ತಾರೆ. ನಾವು ಮಾತಾಡುವುದನ್ನು ಕೂತು ಕೇಳಿ ತಿದ್ದುವವರು ಇರುವುದಿಲ್ಲ.

ಅವತ್ತು ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದು ಮಲೆನಾಡಿನ ಕಡೆಯಿಂದ ಬಂದಿದ್ದ ಒಬ್ಬ ಸಹೋದ್ಯೋಗಿ. ಅವರು ಸ್ಲೈಡು ಹಾಕಲೇ ಇಲ್ಲ. ಒಂದು ಪ್ಲಾಸ್ಟಿಕ್ ಬುಟ್ಟಿ, ಅಕ್ಕಿ ತೌಡು, ಬೆಲ್ಲ, ನೀರು ತಂದಿದ್ದರು. ಗಿಡದ ಸುಳಿ (ನಡುವಿನ ಎಳೆ ಎಲೆಗಳ ಸುರುಳಿ) ಸೇರಿದ ದೊಡ್ಡ ಹುಳುವಿಗೆ ಹಾಕುವ ವಿಷದ ತಿಂಡಿ ಮಾಡಿ ತೋರಿಸಿದರು. ಎಕರೆಗೆ 10 ಕೆಜಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು. ಕಲಸಿ 24 ಗಂಟೆ ಹುಳಿಯಲು ಬಿಡಬೇಕು. ಹೊಲಕ್ಕೆ ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಅನ್ನುವ ಕೀಟನಾಶಕ ಸೇರಿಸಬೇಕು. ವಿಷದ ಬದಲು ಸುಮ್ನೆ ರಂಗೋಲಿ ಪುಡಿ ಹಾಕಿದರು. ಆದರೆ ಕೈಗೆ ಗ್ಲೌಸ್ ಹಾಕಿಕೊಂಡೇ ಕಲಸಿದರು. "ನಾನು ಹಾಕದೆ ರೈತರಿಗೆ ಹಾಕಿ ಅಂದರೆ ಕೇಳುತ್ತಾರಾ?" ಅಂದರು. ಹದ ಹೇಗಿರಬೇಕು ಅಂತ ಒಂದು ಉಂಡೆ ಹಿಡಿದು, ಪುಡಿಮಾಡಿ ತೋರಿಸಿದರು. ನಾನು ಅದನ್ನು ಇನ್ನೂ ಮರೆತಿಲ್ಲ.

ಇನ್ನೊಂದು ದಿನ ಹಳ್ಳಿಯದ್ದು. ಕೇಂದ್ರದಿಂದ ಅರ್ಧ ಗಂಟೆ ದೂರದ ಊರು. ನಾಲ್ಕು ಗುಂಪು ಮಾಡಿದರು. ನಮ್ಮ ಗುಂಪಿಗೆ ಸಿಕ್ಕಿದ್ದು ಋತು ಪಟ್ಟಿ. ಗುಡಿ ಮುಂದಿನ ಕಟ್ಟೆ ಮೇಲೆ ರಂಗೋಲಿಯಲ್ಲಿ ಹನ್ನೆರಡು ಮನೆ ಬರೆದು, ಒಂದೊಂದು ತಿಂಗಳಿಗೆ ಎಷ್ಟು ಕೆಲಸ ಅಂತ ಗೋವಿನಜೋಳದ ಕಾಳು ಇಡಲು ಊರಿನ ಹೆಣ್ಣುಮಕ್ಕಳಿಗೆ ಹೇಳಿದೆವು. ಒಂದು ಮನೆಗೆ ಹತ್ತು ಕಾಳಿಗಿಂತ ಹೆಚ್ಚು ಇಡುವಂತಿಲ್ಲ. ನಮಗೂ ಒಂದು ನಿಯಮ ಇತ್ತು. ಮೊದಲ ಅರ್ಧ ಗಂಟೆ ಅಧಿಕಾರಿಗಳು ಯಾರೂ ಬಾಯಿ ತೆಗೆಯಬಾರದು.

ಅರ್ಧ ಗಂಟೆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನನಗೆ ಅವತ್ತು ಗೊತ್ತಾಯಿತು. 2025ರ ಮೇ 29ರಿಂದ ಜೂನ್ 12ರವರೆಗೆ ಕೇಂದ್ರ ಸರ್ಕಾರದ ವಿಕಸಿತ ಕೃಷಿ ಸಂಕಲ್ಪ ಅಭಿಯಾನದಲ್ಲಿ ಹದಿನೈದು ದಿನ ಊರೂರು ಸುತ್ತಿ ಮಾತಾಡಿ ಬಂದಿದ್ದೆ. ಗಂಟಲು ಕಟ್ಟಿತ್ತು. ಅಷ್ಟು ಊರುಗಳಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿದ್ದು ಒಂದು ಕಡೆಯೂ ಇರಲಿಲ್ಲ.

ಜುಲೈ ಮನೆಯಲ್ಲಿ ಹತ್ತೂ ಕಾಳು ಬಿದ್ದವು. ಒಬ್ಬಾಕೆ ಹನ್ನೊಂದನೆಯದು ಇಡಲು ಹೋದರು, ಪಕ್ಕದವರು ತಡೆದರು. ಅದು ಕಳೆ ತೆಗೆಯುವ ತಿಂಗಳು. ಅರ್ಧ ಗಂಟೆ ಕಳೆದ ಮೇಲೆ ನಾನು ಕೇಳಿದೆ, "ಹುಳ ಮೊದಲು ಯಾರ ಕಣ್ಣಿಗೆ ಬೀಳುತ್ತೆ?" ಆಕೆ ನನ್ನ ಮುಖ ನೋಡಿ, "ನಮಗ ಬೀಳತೈತ್ರಿ ಅಕ್ಕಾರ. ಕಳೆ ತೆಗಿಯಾಕ ಬಗ್ಗಿದವ್ರು ನಾವ. ಎಲಿ ಮ್ಯಾಲೆ ಬೆಳ್ಳಗ ಆಗಿರತೈತಿ, ಕಾಗದದಂಗ" ಅಂದರು. ಸಣ್ಣ ಮರಿಹುಳು ಎಲೆ ಕೆರೆದು ತಿಂದಾಗ ಕಾಣುವ ಗುರುತು ಅದೇ. ಆಗ ಸಿಂಪಡಿಸಿದರೆ ಹುಳು ಕೈಗೆ ಸಿಗುತ್ತದೆ. ಸುಳಿಯೊಳಗೆ ಇಳಿದು ಮರದ ಪುಡಿಯಂಥ ಹಿಕ್ಕೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. "ಮತ್ತೆ ಮನೆಯವರಿಗೆ ಹೇಳಲಿಲ್ವಾ?" ಅಂದೆ. "ಅದು ಹುಳಾ ತಿಂದದ್ದು ಅಂತ ನಮಗೆ ಯಾರು ಹೇಳ್ಯಾರ್ರಿ? ನಿಮ್ಮ ಮೀಟಿಂಗ್ ಹನ್ನೊಂದಕ್ಕ. ನಾವು ಆವಾಗ ಹೊಲದಾಗ ಇರ್ತೀವಿ."

ಏಳು ವರ್ಷದಿಂದ ನಾನು ಈ ಹುಳುವಿನ ಬಗ್ಗೆ ತರಬೇತಿ ಕೊಡುತ್ತಿದ್ದೇನೆ. ಹುಳುವನ್ನು ಮೊದಲು ನೋಡುವವರು ಆ ತರಬೇತಿಯಲ್ಲಿ ಇರಲೇ ಇಲ್ಲ. ವರದಿಯಲ್ಲಿ ಪ್ರತಿ ವರ್ಷ "ಮಹಿಳೆಯರ ಭಾಗವಹಿಸುವಿಕೆ ಕಡಿಮೆ" ಅಂತ ಬರೆದಿದ್ದೇನೆ. ಅವರಿಗೆ ಆಸಕ್ತಿ ಇಲ್ಲ ಅಂತಲೇ ನಂಬಿದ್ದೆ. ಒಂದು ಹಿಡಿ ಕಾಳು ಆ ನಂಬಿಕೆಯನ್ನು ಅಳಿಸಿ ಹಾಕಿತು. ಆ ಒಂದು ದಿನಕ್ಕಾಗಿ ಆ ಕೇಂದ್ರದವರಿಗೆ ನಾನು ಋಣಿ. ಹಳ್ಳಿಯನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದರು. ಊರಿನವರಿಗೆ ಯಾಕೆ ಬರುತ್ತಿದ್ದೇವೆ ಅಂತ ತಿಳಿಸಿದ್ದರು. ಮುಗಿದ ಮೇಲೆ ಹಾಳೆ ಮೇಲೆ ಇಳಿಸಿದ ಚಿತ್ರದ ಒಂದು ಪ್ರತಿಯನ್ನು ಊರಿಗೇ ಕೊಟ್ಟು ಬಂದರು. ಅದು ಸರಿಯಾದ ಕ್ರಮ.

ಇನ್ನು ಉಳಿದ ದಿನಗಳು. ಸ್ಲೈಡು, ಸ್ಲೈಡು, ಮತ್ತೆ ಸ್ಲೈಡು. ಒಬ್ಬ ಅತಿಥಿ ಉಪನ್ಯಾಸಕರು 64 ಸ್ಲೈಡನ್ನು ಒಂದೂ ಬಿಡದೆ ಓದಿದರು, ಅದೂ ಇಂಗ್ಲಿಷಿನಲ್ಲಿ. ಕೂತವರೆಲ್ಲ ಕನ್ನಡದವರು, ಹೋಗಿ ಮಾತಾಡಬೇಕಾದದ್ದು ಕನ್ನಡದ ರೈತರ ಜೊತೆ. ಕೆವಿಕೆಯ ಮೂಲ ಮಾತೇ ಮಾಡುತ್ತಾ ಕಲಿಯುವುದು, ಮಾಡಿಸುತ್ತಾ ಕಲಿಸುವುದು. 1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೆವಿಕೆ ಶುರುವಾಯಿತು. ಇಷ್ಟು ವರ್ಷ ರೈತರಿಗೆ ಆ ಮಾತನ್ನೇ ಹೇಳುತ್ತಾ ಬಂದಿದ್ದೇವೆ. ನಮಗೆ ಕಲಿಸುವಾಗ ಅದು ಯಾಕೆ ಮರೆತುಹೋಗುತ್ತದೆ? ಕೃತಕ ಬುದ್ಧಿಮತ್ತೆ ಬಗ್ಗೆ ಒಂದೂವರೆ ಗಂಟೆ ಪಾಠ ಇತ್ತು. ಯಾರ ಕೈಯಲ್ಲೂ ಮೊಬೈಲ್ ಹಿಡಿಸಿ ಏನನ್ನೂ ಮಾಡಿಸಲಿಲ್ಲ. ಆ ಸಭಾಂಗಣದಲ್ಲಿ ನೆಟ್‌ವರ್ಕ್ ಕೂಡ ಸಿಗುತ್ತಿರಲಿಲ್ಲ.

ಊಟ ಚೆನ್ನಾಗಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹಾಸ್ಟೆಲ್ ಕೋಣೆ ಚೊಕ್ಕಟ. ಬಿಸಿನೀರು ಬೆಳಗ್ಗೆ ಆರೂವರೆವರೆಗೆ ಮಾತ್ರ.

ಆದರೆ ಒಂದು ವಿಷಯ ನನ್ನನ್ನು ಬಹಳ ಕಾಡಿತು. ಗೃಹ ವಿಜ್ಞಾನದ ಒಬ್ಬ ಸಹೋದ್ಯೋಗಿ ಎಂಟು ತಿಂಗಳ ಮಗುವಿನ ಜೊತೆ ಬಂದಿದ್ದರು. ಮಗು ನೋಡಿಕೊಳ್ಳಲು ಅವರ ತಾಯಿಯೂ ಬಂದಿದ್ದರು. ಹಾಸ್ಟೆಲಿನಲ್ಲಿ ಹೊರಗಿನವರಿಗೆ ಜಾಗ ಇಲ್ಲ ಅಂತ ಕೇಂದ್ರದವರು ಅಂದರು. ಆ ಸಹೋದ್ಯೋಗಿ ಪೇಟೆಯಲ್ಲಿ ಸ್ವಂತ ದುಡ್ಡಲ್ಲಿ ಕೋಣೆ ಮಾಡಿದರು. ಮಧ್ಯಾಹ್ನ ಆಟೊದಲ್ಲಿ ಓಡಿಹೋಗಿ ಹಾಲು ಕುಡಿಸಿ ಬರುತ್ತಿದ್ದರು. ಹಳ್ಳಿಗೆ ಹೋದ ದಿನ ಅವರು ಬರಲಾಗಲಿಲ್ಲ. ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವರೇ ಅವರು, ಆ ದಿನ ತಪ್ಪಿಸಿಕೊಂಡವರೂ ಅವರೇ. ಮಗುವಿಗೆ, ಅದನ್ನು ನೋಡಿಕೊಳ್ಳಲು ಬರುವವರಿಗೆ ಒಂದು ಕೋಣೆ ಕೊಡುವುದು ದೊಡ್ಡ ಖರ್ಚಲ್ಲ. ದಯವಿಟ್ಟು ಮಾಡಿ.

ತರಬೇತಿಗೆ ಕರೆದ ಪತ್ರ ಬಂದದ್ದು ಮೂರೇ ದಿನ ಮುಂಚೆ. ನನ್ನ ಎರಡು ಪ್ರಾತ್ಯಕ್ಷಿಕೆಗಳ ರೈತರಿಗೆ ಫೋನ್ ಮಾಡಿ ದಿನ ಮುಂದೂಡಿದೆ. ಮುಂಗಾರಿನ ನಡುವೆ ನಮ್ಮನ್ನು ಕರೆಯುವುದು ಸರಿಯಾ ಅಂತ ಮೊದಲು ಸಿಟ್ಟು ಬಂದಿತ್ತು. ಆದರೆ ಹೊಲದಲ್ಲಿ ಬೆಳೆ ನಿಂತಿತ್ತು, ಹುಳುವಿನ ಮಾತು ಅದಕ್ಕೇ ಬಂತು. ಫೆಬ್ರುವರಿಯಲ್ಲಿ ಇಟ್ಟಿದ್ದರೆ ಆ ಕಟ್ಟೆಯ ಮಾತು ಹಾಗೆ ನಡೆಯುತ್ತಿರಲಿಲ್ಲವೇನೋ. ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಮುಂಗಾರಿನಲ್ಲೇ ಇಡಿ, ಆದರೆ ಐದು ದಿನ ಬೇಡ, ಮೂರು ದಿನ ಸಾಕು. ತಿಂಗಳು ಮುಂಚೆ ತಿಳಿಸಿ. ಸ್ಲೈಡುಗಳನ್ನು ಮನೆಯಲ್ಲೇ ಓದಿಕೊಂಡು ಬರುತ್ತೇವೆ.

ವಾಪಸ್ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ. ನಾಲ್ಕು ಊರಿನಲ್ಲಿ ಹನ್ನೊಂದು ಗಂಟೆಯ ಮೀಟಿಂಗ್ ಬಿಟ್ಟು, ಬೆಳಗ್ಗೆ ಆರೂವರೆಗೆ ಹಾಲಿನ ಡೈರಿ ಮುಂದೆ ನಿಂತೆ. ಹಾಲು ಹಾಕಲು ಬರುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಹತ್ತು ನಿಮಿಷ, ಕೈಯಲ್ಲಿ ನಾಲ್ಕು ಎಲೆ. ಇದು ಮೊಟ್ಟೆಯ ಗುಂಪು, ಮೇಲೆ ರೋಮದ ಹೊದಿಕೆ. ಇದು ಬೆಳ್ಳಗಾದ ಎಲೆ. ಇದು ತೂತಾದದ್ದು. ಇದು ಹುಳು, ತಲೆ ಮೇಲೆ ತಿರುಗುಮುರುಗಾದ "ವೈ" ಅಕ್ಷರ. ಕ್ಯಾನಿಗೆ ಆರು ಗ್ರಾಂ. ಅಷ್ಟೇ. ಎರಡನೇ ವಾರ ಒಬ್ಬರು ಸೆರಗಿನಲ್ಲಿ ಒಂದು ಎಲೆ ಕಟ್ಟಿಕೊಂಡು ಬಂದು, "ಇದು ಅದೇನ್ರಿ?" ಅಂದರು. ಅದೇ ಆಗಿತ್ತು. ಅವರ ಹೊಲಕ್ಕೆ ಅವತ್ತು ಸಂಜೆಯೇ ಔಷಧಿ ಬಿತ್ತು.

ಇದನ್ನು ತರಬೇತಿ ಕೊಟ್ಟವರಿಗೆ ತಿಳಿಸಬೇಕು ಅಂತ ಕಾದೆ. ಅಲ್ಲಿಂದ ಮೂರು ತಿಂಗಳಲ್ಲಿ ಒಂದು ಫೋನೂ ಬರಲಿಲ್ಲ. ಕೊನೆಗೆ ನಾನೇ ಮಾಡಿದೆ. ಅವರಿಗೆ ಖುಷಿಯಾಯಿತು. ನಿಜ ಹೇಳಬೇಕಂದರೆ "ಅತ್ಯುತ್ತಮ, ಉತ್ತಮ" ಫಾರಂ ಕೊಡಬೇಕಾದದ್ದು ಈಗ, ಕೊನೆಯ ದಿನ ಅಲ್ಲ.

ಮುಂದೆ ಹೋಗುವವರಿಗೆ ಒಂದು ಮಾತು. ಸುಮ್ನೆ ಬಡ್ತಿಯ ಕಡತಕ್ಕೆ ಪ್ರಮಾಣಪತ್ರ ಬೇಕು ಅಂತ ಹೋಗಬೇಡಿ. ನಿಮ್ಮ ತಾಲ್ಲೂಕಿನ ಒಂದು ತೊಂದರೆ ಜೊತೆಗೆ ತಗೊಂಡು ಹೋಗಿ. ಹೈದರಾಬಾದಿನಲ್ಲಿ ಮ್ಯಾನೇಜ್ ಅನ್ನುವ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ ಇದೆ, ಅಲ್ಲೇ ರಾಜೇಂದ್ರನಗರದಲ್ಲಿ ವಿಸ್ತರಣಾ ಶಿಕ್ಷಣ ಸಂಸ್ಥೆಯೂ ಇದೆ. ಎರಡೂ ಕಡೆ ನಮ್ಮಂಥವರಿಗೆ ತರಬೇತಿಗಳು ನಡೆಯುತ್ತವೆ. ವರ್ಷದ ವೇಳಾಪಟ್ಟಿ ತರಿಸಿಕೊಂಡು, ಹಳ್ಳಿ ಭೇಟಿ ಇದೆಯಾ ಅಂತ ಮೊದಲು ನೋಡಿ.

ನಮ್ಮಲ್ಲಿ ಮುಂದಿನ ಕೆಲಸ ಹೀಗಿದೆ. ಡಿಸೆಂಬರ್ 5 ವಿಶ್ವ ಮಣ್ಣು ದಿನ, 23 ರೈತರ ದಿನ. ಈ ಸಲ ಎರಡನ್ನೂ ಭಾಷಣ ಬಿಟ್ಟು ಊರ ಕಟ್ಟೆ ಮೇಲೆ ಮಾಡೋಣ ಅಂತ ಮುಖ್ಯಸ್ಥರನ್ನು ಒಪ್ಪಿಸಿದ್ದೇನೆ. 2026ನ್ನು ವಿಶ್ವಸಂಸ್ಥೆ ರೈತ ಮಹಿಳೆಯರ ವರ್ಷ ಎಂದು ಘೋಷಿಸಿದೆ. ಆ ವರ್ಷದ ಮುಂಗಾರಿಗೆ ಹತ್ತು ಊರಿನ ಡೈರಿಗಳ ಪಟ್ಟಿ ಮಾಡಿಟ್ಟಿದ್ದೇನೆ.

ತರಬೇತಿಯ ವಿಷಯಕ್ಕೆ ನಾನು ಒಂದು ಪತ್ರವನ್ನೂ ಕಳಿಸಿದ್ದೇನೆ. ಒಂದು ಕೆವಿಕೆಗೆ 16 ಹುದ್ದೆ. ತರಬೇತಿಗೆ ಹೋಗುವುದು ಹೆಚ್ಚಾಗಿ ನಾವು ವಿಜ್ಞಾನಿಗಳು ಮಾತ್ರ. ನಮ್ಮ ಜೀಪಿನ ಡ್ರೈವರ್ ಅಣ್ಣನಿಗೆ ಜಿಲ್ಲೆಯ ಎಷ್ಟೋ ರೈತರ ಮನೆ ಗೊತ್ತು. ನಾನು ಹೊಲದೊಳಗೆ ಹೋದಾಗ ರಸ್ತೆ ಬದಿ ನಿಂತ ರೈತರು ಕೇಳುವುದು ಅವರನ್ನೇ. ಬೆಳಗ್ಗೆ ಆರೂವರೆಗೆ ಡೈರಿಗೆ ನನ್ನನ್ನು ಕರೆದುಕೊಂಡು ಹೋಗುವವರೂ ಅವರೇ. ನಾಲ್ಕನೇ ಊರಿಗೆ ಹೋದಾಗ ನಾನು ಚೀಲದಿಂದ ಎಲೆ ತೆಗೆಯುವ ಮುಂಚೆಯೇ ಅವರು ಒಂದು ಎಲೆ ಹಿಡಿದು, ಬೆಳ್ಳಗಾದ ಜಾಗ ತೋರಿಸಿ, ಇಬ್ಬರು ಹೆಣ್ಣುಮಕ್ಕಳಿಗೆ ವಿವರಿಸುತ್ತಿದ್ದರು. ಮುಂದಿನ ಬ್ಯಾಚಿಗೆ ಅವರ ಹೆಸರು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.